ಮಗುವಿನ ಹಠ: ಅದರಿಂದ ಏನು ಸಿಗುತ್ತದೆ, ಏನು ತಪ್ಪುತ್ತದೆ

ನಾಲ್ಕನೇ ತರಗತಿಯ ಒಬ್ಬ ಹುಡುಗನನ್ನು ಕಲ್ಪಿಸಿಕೊಳ್ಳಿ. ಮಂಡ್ಯದ ಕಡೆಯ ಯಾವುದೋ ಹಳ್ಳಿಯ ಸರ್ಕಾರಿ ಶಾಲೆ. ಮೂರನೆಯ ತರಗತಿವರೆಗೆ ಯಾರ ತಂಟೆಗೂ ಹೋಗದಿದ್ದವನು ಈ ವರ್ಷ ಜೂನ್ ಕಳೆಯುತ್ತಿದ್ದಂತೆ ಪಕ್ಕದವನ ಪೆನ್ಸಿಲ್ ಮುರಿಯುತ್ತಾನೆ, ನೋಟ್‌ಬುಕ್ಕಿನ ಹಾಳೆ ಹರಿಯುತ್ತಾನೆ, ಬೈದರೆ ಬೆಂಚಿನ ಕೆಳಗೆ ತೂರಿಕೊಂಡು ಈಚೆಗೇ ಬರುವುದಿಲ್ಲ. ಮೇಷ್ಟ್ರ ಪ್ರಕಾರ ಮನೆಯಲ್ಲಿ ಮುದ್ದು ಜಾಸ್ತಿಯಾಗಿದೆ. ಅವ್ವ ಹೇಳುವುದೇ ಬೇರೆ: 'ಮನೇಲಿ ಚೆನ್ನಾಗೇ ಇರ್ತಾನೆ ಸಾ, ಮೊಬೈಲ್ ವಿಷ್ಯಕ್ಕೆ ಬಿಟ್ರೆ ಏನೂ ರಂಪ ಇಲ್ಲ. ಸ್ಕೂಲಲ್ಲೇ ಏನೋ ಎಡವಟ್ಟಾಗಿರ್ಬೇಕು.' ಇಬ್ಬರೂ ಕಂಡದ್ದನ್ನೇ ಹೇಳುತ್ತಿದ್ದಾರೆ, ಇಬ್ಬರಿಗೂ ಕಂಡಿರುವುದು ಅರ್ಧ.

ಯಾವ ನಡವಳಿಕೆಯೂ ಸುಮ್ಮನೆ ಮುಂದುವರಿಯುವುದಿಲ್ಲ. ಅದರಿಂದ ಮಗುವಿಗೆ ಏನೋ ಸಿಗುತ್ತಿರುತ್ತದೆ, ಇಲ್ಲವೇ ಯಾವುದೋ ಕಷ್ಟ ತಪ್ಪುತ್ತಿರುತ್ತದೆ. ಅದು ಏನೆಂದು ಗೊತ್ತಾಗುವ ಮೊದಲೇ ಕೊಡುವ ಶಿಕ್ಷೆ, ಬುದ್ಧಿಮಾತು, ಚಾಕೊಲೇಟು ಎಲ್ಲವೂ ಕತ್ತಲಲ್ಲಿ ಕಲ್ಲು ಹೊಡೆದಂತೆ. ಮಗು ಇದನ್ನು ಲೆಕ್ಕ ಹಾಕಿ ಮಾಡುವುದಿಲ್ಲ ಎಂಬುದೂ ನೆನಪಿರಲಿ. ಒಮ್ಮೆ ಫಲ ಕೊಟ್ಟದ್ದು ಮತ್ತೆ ಮತ್ತೆ ತಾನಾಗಿಯೇ ಬರುತ್ತದೆ, ದೊಡ್ಡವರಲ್ಲೂ ಹಾಗೆಯೇ.

ಈ ಹುಡುಗನ ವಿಷಯದಲ್ಲಿ ತರಗತಿಯ ಬದಲಾವಣೆಯೇ ದೊಡ್ಡ ಸುಳಿವು. 1995ರಲ್ಲಿ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ ಶುರುವಾಗಿ ಆಮೇಲೆ ರಾಜ್ಯಕ್ಕೆಲ್ಲ ಹರಡಿದ ನಲಿ-ಕಲಿ ಎಂಬ ಬೋಧನಾ ಕ್ರಮದಲ್ಲಿ ಮೂರನೆಯ ತರಗತಿವರೆಗಿನ ಮಕ್ಕಳು ಗುಂಪಾಗಿ ಕೂತು, ಕಾರ್ಡು ಹಿಡಿದು, ಕಲಿಕೆಯ ಏಣಿಯನ್ನು ತಂತಮ್ಮ ವೇಗದಲ್ಲಿ ಹತ್ತುತ್ತಾರೆ. ಹಿಂದೆ ಉಳಿದವನು ಎದ್ದು ಕಾಣುವುದಿಲ್ಲ. ನಾಲ್ಕನೆಯದಕ್ಕೆ ಬಂದರೆ ಎಲ್ಲರಿಗೂ ಒಂದೇ ಪುಟ, ಒಂದೇ ಹೊತ್ತಿಗೆ ಮುಗಿಸಬೇಕಾದ ಬರವಣಿಗೆ. ಒತ್ತಕ್ಷರ ಇನ್ನೂ ಸಲೀಸಾಗದ ಮಗು ಇಡೀ ಕ್ಲಾಸಿನೆದುರು ಸಿಕ್ಕಿಬೀಳುತ್ತದೆ. 'ಓದೋಕೆ ಬರದವನು' ಅನ್ನಿಸಿಕೊಳ್ಳುವುದಕ್ಕಿಂತ 'ತರಲೆ' ಅನ್ನಿಸಿಕೊಳ್ಳುವುದು ಎಷ್ಟೋ ಮಕ್ಕಳಿಗೆ ಹಗುರ.

ಮೊದಲು ಮೈಯನ್ನು ನೋಡಿ

ಮನಸ್ಸಿನ ಮಾತಿಗೆ ಹೋಗುವ ಮುಂಚೆ ನಿದ್ದೆ, ಹೊಟ್ಟೆ, ಕಣ್ಣು, ಕಿವಿ ಇವಿಷ್ಟನ್ನು ನೋಡಲೇಬೇಕು. 6ರಿಂದ 12 ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆ ನಿದ್ದೆ ಬೇಕು, ಹದಿಹರೆಯದವರಿಗೆ 8ರಿಂದ 10. ಧಾರಾವಾಹಿ ಮುಗಿದು ಮುದ್ದೆ ಉಣ್ಣುವಷ್ಟರಲ್ಲಿ ಹತ್ತೂವರೆ ಆಗುವ ಮನೆಯಲ್ಲಿ, ಬೆಳಗ್ಗೆ ಆರಕ್ಕೆ ಏಳುವ ಮಗುವಿಗೆ ಏಳೂವರೆ ಗಂಟೆ ನಿದ್ದೆಯೂ ಸಿಗುವುದಿಲ್ಲ. ನಿದ್ದೆಗೆಟ್ಟ ದೊಡ್ಡವರು ತೂಕಡಿಸುತ್ತಾರೆ. ಮಕ್ಕಳು ಎಷ್ಟೋ ಸಲ ತೂಕಡಿಸುವ ಬದಲು ಕುಣಿಯುತ್ತಾರೆ, ಕೆರಳುತ್ತಾರೆ, ಸಣ್ಣದಕ್ಕೂ ಅಳುತ್ತಾರೆ. ಮಲಗುವ ಹೊತ್ತನ್ನು ಒಂದೇ ದಿನ ಒಂದೂವರೆ ಗಂಟೆ ಹಿಂದೆ ತಂದರೆ ಮಗು ಹಾಸಿಗೆಯಲ್ಲಿ ಹೊರಳಾಡುತ್ತದೆ ಅಷ್ಟೆ. ಮೂರು ನಾಲ್ಕು ದಿನಕ್ಕೊಮ್ಮೆ 15 ನಿಮಿಷದಂತೆ ಹಿಂದೆ ತನ್ನಿ, ಮಲಗುವ ಒಂದು ಗಂಟೆ ಮುಂಚೆ ಟಿವಿ, ಮೊಬೈಲ್ ಎರಡೂ ಆರಲಿ.

ಗಾರ್ಮೆಂಟ್ಸ್ ಬಸ್ಸಿಗೆ ಅಮ್ಮ ಬೆಳಗ್ಗೆಯೇ ಹೊರಡುವ ಮನೆಗಳಲ್ಲಿ ಮಗು ತಿಂಡಿ ತಿಂದಿತೋ ಇಲ್ಲವೋ ಯಾರಿಗೂ ಗೊತ್ತಿರುವುದಿಲ್ಲ. ಹನ್ನೊಂದು ಗಂಟೆಯ ಸುಮಾರಿಗೇ ದಿನಾ ಜಗಳ ಶುರುವಾಗುತ್ತಿದ್ದರೆ ಮೊದಲು ಕೇಳಬೇಕಾದದ್ದು ಹೊಟ್ಟೆಯ ವಿಚಾರ. ರಕ್ತಹೀನತೆಯೂ ಸುಸ್ತು, ಸಿಡುಕು, ಗಮನ ನಿಲ್ಲದಿರುವುದನ್ನು ತರುತ್ತದೆ. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣಾಂಶದ ಮಾತ್ರೆಯನ್ನು (ಚಿಕ್ಕವರಿಗೆ ಗುಲಾಬಿ, ಹತ್ತು ದಾಟಿದವರಿಗೆ ನೀಲಿ) ಊಟದ ನಂತರ ನುಂಗಿಸಬೇಕು. ಖಾಲಿ ಹೊಟ್ಟೆಯಲ್ಲಿ ಕೊಟ್ಟರೆ ಹೊಟ್ಟೆ ತೊಳಸುತ್ತದೆ, ಮುಂದಿನ ವಾರ ಮಗು ಮಾತ್ರೆಯನ್ನು ಕಿಟಕಿಯಾಚೆ ಎಸೆಯುತ್ತದೆ.

ಕರೆದರೆ ತಿರುಗದ, ಹೇಳಿದ್ದನ್ನು ಕೇಳದ ಮಗುವಿಗೆ ಕಿವಿಯ ತೊಂದರೆ ಇರಬಹುದು. ಪದೇ ಪದೇ ನೆಗಡಿಯಾಗಿ ಕಿವಿಯೊಳಗೆ ನೀರು ತುಂಬಿಕೊಂಡರೆ ಕೇಳುವಿಕೆ ಒಂದು ದಿನ ಚೆನ್ನಾಗಿದ್ದು ಇನ್ನೊಂದು ದಿನ ಮಂದವಾಗುತ್ತದೆ, ಅದಕ್ಕೇ 'ಬೇಕೂಂತ ಕೇಳಿಸ್ಕೊಳಲ್ಲ' ಎಂಬ ಆರೋಪ ಬರುತ್ತದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಕಿವಿ, ಮಾತು, ಕಲಿಕೆ ಮೂರನ್ನೂ ಪರೀಕ್ಷಿಸುವ ವಿಭಾಗಗಳಿವೆ. ಇಂಥ ಜಾಗ ನಮ್ಮ ಕೈಗೆಟುಕುವಷ್ಟು ಹತ್ತಿರದಲ್ಲಿರುವುದು ಭಾಗ್ಯವೇ ಸರಿ, ಬಳಸಿಕೊಳ್ಳಬೇಕು. ದಿನಕ್ಕೆ ಹಲವು ಸಲ ಕೆಲವೇ ಸೆಕೆಂಡು ಶೂನ್ಯ ನೋಡುತ್ತಾ ನಿಂತು, ಆಮೇಲೆ ಏನೂ ಆಗದಂತೆ ಮುಂದುವರಿಯುವ ಮಗು ಹಗಲುಗನಸು ಕಾಣುತ್ತಿಲ್ಲದಿರಬಹುದು. ಅದು ಒಂದು ಬಗೆಯ ಫಿಟ್ಸ್ ಕೂಡ ಆಗಿರುವುದುಂಟು, ಮಕ್ಕಳ ವೈದ್ಯರಿಗೆ ತೋರಿಸಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ವರ್ಷಕ್ಕೊಮ್ಮೆ ಸರ್ಕಾರಿ ಶಾಲೆಗೆ ತಪಾಸಣೆಗೆ ಬರುತ್ತದೆ. ಆ ದಿನ ಮಗು ರಜೆ ಹಾಕದಂತೆ ನೋಡಿಕೊಳ್ಳಿ, ನಿಮಗಿರುವ ಅನುಮಾನವನ್ನು ಶಿಕ್ಷಕರ ಮೂಲಕ ಮುಂಚೆಯೇ ತಿಳಿಸಿ.

ಒಂದು ನೋಟ್‌ಬುಕ್, ಎರಡು ಕಡೆಯ ಬರಹ

ಇನ್ನು ನಿಜವಾದ ಕೆಲಸ. ನೂರು ಪುಟದ ಒಂದು ನೋಟ್‌ಬುಕ್ ತೆಗೆದುಕೊಂಡು ಪುಟಕ್ಕೆ ಮೂರು ಕಾಲಂ ಹಾಕಿ: ಮುಂಚೆ ಏನಾಯಿತು, ಮಗು ಏನು ಮಾಡಿತು, ಆಮೇಲೆ ಏನಾಯಿತು. ಶಾಲೆಯಲ್ಲಿ ಶಿಕ್ಷಕರು, ಮನೆಯಲ್ಲಿ ಒಬ್ಬರು, ಎರಡು ವಾರ ಬರೆಯಬೇಕು. ಬರಹ ಹೀಗಿರಲಿ:

ಮಂಗಳವಾರ, 11.20, ಶಾಲೆ. ಬೋರ್ಡ್ ನೋಡಿ 8 ಸಾಲು ಬರೆಯಲು ಹೇಳಿದ್ದು. ಎರಡು ಸಾಲು ಬರೆದು ಹಾಳೆ ಹರಿದ, ಬೆಂಚಿನ ಕೆಳಗೆ ಹೋದ. ಪಾಠ ಮುಗಿಯುವವರೆಗೆ ಹೊರಗೆ ನಿಲ್ಲಿಸಿದ್ದು, 25 ನಿಮಿಷ.

ಬುಧವಾರ, ಸಂಜೆ 7, ಮನೆ. ಅಕ್ಕ ಮೊಬೈಲ್ ಕಿತ್ತುಕೊಂಡಳು. ಬಾಗಿಲಿಗೆ ಒದ್ದ, 10 ನಿಮಿಷ ಅತ್ತ. ಅಜ್ಜಿ 'ಕೊಟ್ಬುಡವ್ವ ಅತ್ಲಾಗೆ' ಅಂದರು, ಅಕ್ಕ ಕೊಟ್ಟಳು.

ಬರೆಯುವಾಗ ಆಗುವ ದೊಡ್ಡ ತಪ್ಪು, ನಡುವಿನ ಕಾಲಂನಲ್ಲಿ 'ಮೊಂಡಾಟ ಮಾಡಿದ', 'ಕೊಬ್ಬು' ಎಂದು ತೀರ್ಪು ಬರೆಯುವುದು. ಕಣ್ಣಿಗೆ ಕಂಡದ್ದು, ಕಿವಿಗೆ ಕೇಳಿದ್ದು, ಎಷ್ಟು ನಿಮಿಷ ಎಂಬುದು ಮಾತ್ರ ಬರಲಿ. ಇನ್ನೊಂದು ತಪ್ಪು, ಎಲ್ಲವನ್ನೂ ರಾತ್ರಿ ಕೂತು ನೆನಪಿನಿಂದ ಬರೆಯುವುದು. ಅಷ್ಟರಲ್ಲಿ 'ಮುಂಚೆ' ಕಾಲಂ ಮರೆತೇಹೋಗಿರುತ್ತದೆ. ಉತ್ತರ ಇರುವುದು ಆ ಕಾಲಂನಲ್ಲೇ.

ಎರಡು ವಾರದ ಪುಟಗಳನ್ನು ಒಟ್ಟಿಗೆ ಓದಿದರೆ ಸಾಮಾನ್ಯವಾಗಿ ನಾಲ್ಕರಲ್ಲಿ ಒಂದು ಎದ್ದು ಕಾಣುತ್ತದೆ. ಒಂದೋ ದೊಡ್ಡವರ ಇಲ್ಲವೇ ಗೆಳೆಯರ ಗಮನ ಸಿಗುತ್ತಿದೆ. ಇಲ್ಲವೇ ಕಷ್ಟದ ಕೆಲಸ, ನಾಚಿಕೆ, ಯಾರದೋ ಕಾಟ ತಪ್ಪುತ್ತಿದೆ. ಇಲ್ಲವೇ ಬೇಕಾದ ವಸ್ತು ಕೈಗೆ ಬರುತ್ತಿದೆ. ಅಥವಾ ಆ ಕ್ರಿಯೆಯೇ ಮೈಗೆ ಹಿತವಾಗಿದೆ, ಸದ್ದು ಗದ್ದಲ ತಾಳದ ಮಗು ಕಿವಿ ಮುಚ್ಚಿಕೊಂಡು ತೂಗಾಡುವಂತೆ. ನಮ್ಮ ಹುಡುಗನಲ್ಲಿ ಶಾಲೆಯ ಹಠ ಬರವಣಿಗೆಯನ್ನು ತಪ್ಪಿಸುತ್ತಿದೆ, ಮನೆಯ ಹಠ ಮೊಬೈಲ್ ಕೊಡಿಸುತ್ತಿದೆ. ಒಂದೇ ಮಗು, ಎರಡು ಬೇರೆ ಕಾರಣ, ಹಾಗಾಗಿ ಪರಿಹಾರವೂ ಎರಡು. ಮೇಷ್ಟ್ರು ಶಿಕ್ಷೆ ಎಂದುಕೊಂಡು ಹೊರಗೆ ನಿಲ್ಲಿಸಿದ್ದು ಅವನ ಪಾಲಿಗೆ 25 ನಿಮಿಷದ ಬಿಡುಗಡೆ. ನಾಳೆಯೂ ಅವನು ಹಾಳೆ ಹರಿಯುತ್ತಾನೆ.

ಕೆಲಸ ತಪ್ಪಿಸಿಕೊಳ್ಳುವ ಮಗುವಿಗೆ

ಎಂಟು ಸಾಲನ್ನು ಮೂರಕ್ಕೆ ಇಳಿಸಿ. ಬೋರ್ಡಿನಿಂದ ನೋಡಿ ಬರೆಯುವ ಬದಲು, ಅದೇ ಮೂರು ಸಾಲು ಕಣ್ಣೆದುರು ಹಾಳೆಯ ಮೇಲಿರಲಿ. ಮುಂದಿನ ಸಾಲಿನಲ್ಲಿ, ಶಿಕ್ಷಕರ ಕೈಗೆ ಸಿಗುವಂತೆ ಕೂರಿಸಿ. ದಿನಕ್ಕೆ ಎರಡು ವಿರಾಮದ ಚೀಟಿ ಕೊಡಿ: ತಲೆ ಕೆಟ್ಟಾಗ ಹಾಳೆ ಹರಿಯುವ ಬದಲು ಚೀಟಿ ತೋರಿಸಿದರೆ ಮೂರು ನಿಮಿಷ ಎದ್ದು ಹೋಗಿ ನೀರು ಕುಡಿದು ಬರಬಹುದು. ಬಂದ ಮೇಲೆ ಉಳಿದ ಸಾಲನ್ನು ಬರೆಯಲೇಬೇಕು, ಒಂದೇ ಸಾಲಾದರೂ ಸರಿ. ಈ ಕೊನೆಯ ಷರತ್ತನ್ನು ಬಿಟ್ಟರೆ ಚೀಟಿಯೂ ತಪ್ಪಿಸಿಕೊಳ್ಳುವ ದಾರಿಯಾಗಿಬಿಡುತ್ತದೆ. ಮೂರು ಸಾಲು ಸತತ ಮೂರು ದಿನ ರಗಳೆಯಿಲ್ಲದೆ ಮುಗಿದರೆ ನಾಲ್ಕು ಮಾಡಿ. ಎಷ್ಟೋ ಕಡೆ ಕೆಲಸ ಇಳಿಸುತ್ತಾರೆ, ಏರಿಸುವುದನ್ನು ಮರೆಯುತ್ತಾರೆ. ವರ್ಷದ ಕೊನೆಗೆ ಹಠವೂ ಇರುವುದಿಲ್ಲ, ಓದೂ ಇರುವುದಿಲ್ಲ.

ಇದರ ಜೊತೆಗೆ ಓದು ಎಲ್ಲಿ ನಿಂತಿದೆಯೋ ಅಲ್ಲಿಂದ, ಅದು ಎರಡನೇ ತರಗತಿಯ ಕಾರ್ಡೇ ಆದರೂ ನಾಚದೆ, ದಿನಕ್ಕೆ 15 ನಿಮಿಷ ಹೇಳಿಕೊಡಬೇಕು. ಹೀಗೆ ಕೆಲವು ತಿಂಗಳು ಕಲಿಸಿದರೂ ಅಕ್ಷರ ತಿರುವುಮುರುವಾಗುತ್ತಲೇ ಇದ್ದರೆ, ವಯಸ್ಸು ಎಂಟು ದಾಟಿದ್ದರೆ, ಕಲಿಕಾ ನ್ಯೂನತೆಯ ಪರೀಕ್ಷೆ ಮಾಡಿಸಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಇದನ್ನೂ ಪಟ್ಟಿಯಲ್ಲಿ ಸೇರಿಸಿದೆ. ಪ್ರಮಾಣಪತ್ರವಿದ್ದರೆ ಎಸ್ಸೆಸ್ಸೆಲ್ಸಿಯಲ್ಲಿ ಹೆಚ್ಚುವರಿ ಸಮಯದಂಥ ರಿಯಾಯಿತಿ ಸಿಗುತ್ತದೆ.

ಬೇಕಾದ್ದಕ್ಕೆ ರಚ್ಚೆ ಹಿಡಿಯುವ ಮಗುವಿಗೆ

ಮೊಬೈಲಿಗೆ ಹೊತ್ತು ಗೊತ್ತುಮಾಡಿ. ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದೆಂದೂ ಕಡಿಮೆಯಾದಷ್ಟೂ ಒಳ್ಳೆಯದೆಂದೂ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ದೊಡ್ಡ ಮಕ್ಕಳಿಗೆ ಮನೆಯವರು ಎಷ್ಟೇ ನಿಗದಿ ಮಾಡಿದರೂ ಅದು ದಿನಾ ಒಂದೇ ಆಗಿರಬೇಕು. ಮುಗಿಯಲು ಐದು ನಿಮಿಷವಿದ್ದಾಗ ಒಮ್ಮೆ, ಒಂದು ನಿಮಿಷವಿದ್ದಾಗ ಇನ್ನೊಮ್ಮೆ ಹೇಳಿ. ಆಟದ ನಡುವೆ ಕಿತ್ತುಕೊಳ್ಳಬೇಡಿ, ಆ ಆಟ ಮುಗಿದ ಕೂಡಲೇ ಮಗುವೇ ತಂದು ಕೊಡಲಿ. ಕೊಟ್ಟ ತಕ್ಷಣ ಬೇರೆ ಏನಾದರೂ ಕಾದಿರಬೇಕು: ಹಸುವಿಗೆ ಹುಲ್ಲು ಹಾಕುವುದು, ಕಡಲೆಕಾಯಿ ಸುಲಿಯುತ್ತಾ ಅಜ್ಜಿಯ ಕಥೆ, ಒಂದು ಸುತ್ತು ಚೌಕಾಬಾರ. ಸೋಲು ತಡೆಯದ, ಸರದಿ ಕಾಯದ ಮಕ್ಕಳಿಗೆ ಚೌಕಾಬಾರ ಒಳ್ಳೆಯ ಅಭ್ಯಾಸ. ಮೊದಲಿಗೆ ಎರಡೇ ಕಾಯಿ ಇಟ್ಟು ಆಡಿ, ಆಟ ಬೇಗ ಮುಗಿಯುತ್ತದೆ, ಸೋತರೂ ಉರಿ ಕಡಿಮೆ.

ಅತ್ತರೂ ಮೊಬೈಲ್ ಸಿಗುವುದಿಲ್ಲ ಎಂದು ತೀರ್ಮಾನಿಸಿದ ಮೊದಲ ಕೆಲವು ದಿನ ಹಠ ಕಡಿಮೆಯಾಗುವ ಬದಲು ಜೋರಾಗುತ್ತದೆ. ಹತ್ತು ನಿಮಿಷದ ಅಳು ನಲವತ್ತಕ್ಕೆ ಹೋಗಬಹುದು. ನಿನ್ನೆವರೆಗೆ ಕೆಲಸ ಮಾಡಿದ್ದು ಇವತ್ತು ಮಾಡದಿದ್ದರೆ ಯಾರಾದರೂ ಇನ್ನಷ್ಟು ಜೋರಾಗಿಯೇ ಪ್ರಯತ್ನಿಸುತ್ತಾರೆ. ಬಹುಪಾಲು ಮನೆಗಳು ಸೋಲುವುದು ಇಲ್ಲೇ. ನಾಲ್ಕನೆಯ ದಿನ ಸೋತು ಕೊಟ್ಟರೆ 'ನಲವತ್ತು ನಿಮಿಷ ಅತ್ತರೆ ಸಿಗುತ್ತದೆ' ಎಂಬ ಪಾಠ ಗಟ್ಟಿಯಾಗುತ್ತದೆ, ಮೊದಲಿಗಿಂತ ಕಷ್ಟವಾಗುತ್ತದೆ. ಆದ್ದರಿಂದ ಮನೆಯಲ್ಲಿ ಮದುವೆ, ಹಬ್ಬ, ಕಟಾವು ಇರುವ ವಾರದಲ್ಲಿ ಶುರುಮಾಡಬೇಡಿ. ಅಜ್ಜಿ ತಾತನನ್ನು ಮೊದಲೇ ಕೂರಿಸಿಕೊಂಡು ಮಾತಾಡಿ. ಅಜ್ಜಿಗೆ ಬೇಡ ಎನ್ನುವ ಕೆಲಸ ಕೊಡಬಾರದು, ಮೊಬೈಲ್ ಇಟ್ಟ ಮೇಲೆ ಮಗುವನ್ನು ಪಕ್ಕಕ್ಕೆ ಕೂರಿಸಿಕೊಳ್ಳುವ ಕೆಲಸ ಕೊಡಬೇಕು. ಆಗ ಅವರೇ ನಿಮ್ಮ ಬಲ.

ಗಮನಕ್ಕಾಗಿ ಹಾತೊರೆಯುವ ಮಗುವಿನ ವಿಷಯದಲ್ಲಿ ಬೈಗುಳವೂ ಗಮನವೇ. ಸಣ್ಣಪುಟ್ಟ ಕಿರಿಕಿರಿಯನ್ನು ನೋಡಿಯೂ ನೋಡದಂತಿರಿ, ಸರಿಯಾಗಿದ್ದ ಕ್ಷಣದಲ್ಲಿ ತಕ್ಷಣ ಹೇಳಿ. 'ಜಾಣ' ಎಂದರೆ ಏನಕ್ಕೆಂದು ಗೊತ್ತಾಗುವುದಿಲ್ಲ. 'ತಂಗಿ ಕಿತ್ಕೊಂಡ್ರೂ ಹೊಡೀದೆ ನನ್ನ ಕರ್ದಲ್ಲ, ಅದು ಚೆನ್ನಾಗಿತ್ತು ಮಗ' ಎಂದರೆ ಗೊತ್ತಾಗುತ್ತದೆ. ದಿನಕ್ಕೆ ಹತ್ತು ನಿಮಿಷ ಪೂರ್ತಿ ಮಗುವಿಗೆ ಕೊಡಿ: ಆಟ ಮಗುವಿನ ಆಯ್ಕೆ, ಮೊಬೈಲ್ ಬೇರೆ ಕೋಣೆಯಲ್ಲಿ, ಪ್ರಶ್ನೆ ಇಲ್ಲ, ತಿದ್ದುವುದಿಲ್ಲ, ಮಗ್ಗಿ ಕೇಳುವುದಿಲ್ಲ. ಕಂಪನಿಯ ಪಾಳಿ ಮುಗಿಸಿ ಬಂದವರಿಗೆ, ರಾತ್ರಿ ಕರೆಂಟ್ ಬಂದಾಗ ಪಂಪ್‌ಸೆಟ್ಟಿಗೆ ಓಡುವವರಿಗೆ ಹತ್ತು ನಿಮಿಷವೂ ದುಬಾರಿ ಎಂಬುದು ನಿಜ. ಐದೇ ನಿಮಿಷವಾದರೂ ದಿನಾ ಇರಲಿ. ಮಗು ಅವತ್ತು ತಪ್ಪು ಮಾಡಿತೆಂದು ಈ ಹೊತ್ತನ್ನು ಕಸಿಯಬೇಡಿ.

ರಂಪ ನಡೆಯುವ ಹೊತ್ತಿನಲ್ಲಿ

ಸಿಟ್ಟು ನೆತ್ತಿಗೇರಿದ ಮಗುವಿಗೆ ಬುದ್ಧಿಮಾತು ಕೇಳಿಸುವುದಿಲ್ಲ. ಎದೆಬಡಿತ, ಉಸಿರು ಏರಿರುತ್ತವೆ. ಯೋಚಿಸಿ ತಡೆಹಿಡಿಯುವ ಮೆದುಳಿನ ಮುಂಭಾಗ ಮಕ್ಕಳಲ್ಲಿ ಇನ್ನೂ ಬೆಳೆಯುತ್ತಿರುತ್ತದೆ, ಅದು ಪಕ್ವವಾಗುವುದು ಇಪ್ಪತ್ತರ ವಯಸ್ಸು ದಾಟಿದ ಮೇಲೆ. ಮೈ ಶಾಂತವಾಗಲು ಇಪ್ಪತ್ತು ಮೂವತ್ತು ನಿಮಿಷ ಹಿಡಿಯಬಹುದು. ಅಲ್ಲಿವರೆಗೆ ದನಿ ತಗ್ಗಿಸಿ, ಮಗುವಿನ ಎತ್ತರಕ್ಕೆ ಕುಳಿತು, ಐದಾರು ಪದ ಸಾಕು: 'ಸಿಟ್ಟು ಬಂದದೆ. ನಾನು ಇಲ್ಲೇ ಇದೀನಿ.' ಕಲ್ಲು, ಕತ್ತರಿ, ಚಿಕ್ಕ ಮಕ್ಕಳು ಹತ್ತಿರವಿದ್ದರೆ ದೂರ ಸರಿಸಿ. 'ಯಾಕೆ ಮಾಡ್ದೆ' ಎಂಬ ಪ್ರಶ್ನೆ ಈಗ ಬೇಡ. ಉಸಿರಾಟದ ಅಭ್ಯಾಸವನ್ನು ಮಗು ಖುಷಿಯಾಗಿರುವಾಗ ಕಲಿಸಿರಬೇಕು: ಮೂರು ಎಣಿಸುವವರೆಗೆ ಮೂಗಿನಿಂದ ಎಳೆದು, ಐದು ಎಣಿಸುವವರೆಗೆ ಬಾಯಿಂದ ಬಿಡುವುದು, ಐದು ಸಲ. ರಂಪದ ನಡುವೆ ಮೊದಲ ಸಲ ಹೇಳಿಕೊಟ್ಟರೆ ಅದೂ ಒಂದು ಬೈಗುಳದಂತೆ ಕೇಳುತ್ತದೆ.

ಹೊಡೆದರೆ ಮಗು ಆ ಕ್ಷಣ ಸುಮ್ಮನಾಗುತ್ತದೆ. ಹಾಗಾಗಿ ಹೊಡೆತ ಕೆಲಸ ಮಾಡಿತು ಎಂದು ದೊಡ್ಡವರಿಗೆ ಅನ್ನಿಸುತ್ತದೆ, ಮತ್ತೆ ಹೊಡೆಯುತ್ತಾರೆ. ಆದರೆ ಮೂರು ಸಾಲು ಬರೆಯುವುದು ಹೇಗೆಂದು ಹೊಡೆತ ಕಲಿಸುವುದಿಲ್ಲ. ಸುಳ್ಳು ಹೇಳುವುದನ್ನು, ತನಗಿಂತ ಚಿಕ್ಕವರಿಗೆ ಹೊಡೆಯುವುದನ್ನು ಕಲಿಸುತ್ತದೆ. ಶಾಲೆಯಲ್ಲಂತೂ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಇಡೀ ತರಗತಿಯ ಮುಂದೆ ಹೀಯಾಳಿಸುವುದು ಎರಡನೆಯದರಲ್ಲಿ ಬರುತ್ತದೆ. 'ನಾಕು ಬಿಗೀರಿ ಮೇಷ್ಟ್ರೇ' ಎಂದು ಪೋಷಕರೇ ಹೇಳುವ ರೂಢಿ ಇನ್ನೂ ಇದೆ, ಆ ಒಪ್ಪಿಗೆಗೆ ಕಾನೂನಿನಲ್ಲಿ ಬೆಲೆಯಿಲ್ಲ.

ಮನೆ ಮತ್ತು ಶಾಲೆಯ ನಡುವೆ ಓಡಾಡುವ ಚೀಟಿ

ಕಾರಣ ತಿಳಿದ ಮೇಲೆ ಒಂದೇ ಗುರಿ, ಹೆಚ್ಚೆಂದರೆ ಎರಡು. 'ಒಳ್ಳೆಯವನಾಗಿರಬೇಕು' ಎಂಬುದು ಗುರಿಯಲ್ಲ. 'ಕಷ್ಟವಾದಾಗ ವಿರಾಮದ ಚೀಟಿ ತೋರಿಸುತ್ತೇನೆ' ಎಂಬುದು ಗುರಿ. ಬೆಳಗ್ಗೆ ಪ್ರಾರ್ಥನೆಗೆ ಮುಂಚೆ ಶಿಕ್ಷಕರೊಬ್ಬರು ಎರಡು ನಿಮಿಷ ಮಗುವನ್ನು ಮಾತಾಡಿಸಿ ತಿಂಡಿ, ನಿದ್ದೆ ವಿಚಾರಿಸಿ ಗುರಿ ನೆನಪಿಸಬೇಕು. ದಿನಕ್ಕೊಂದು ಬೇರೆ ಚೀಟಿಯಲ್ಲಿ, ಗುರಿ ಮುಟ್ಟಿದ ಪ್ರತಿ ಪಿರಿಯಡ್ಡಿಗೆ ಒಂದು ಗುರುತು, ಸಂಜೆ ಮತ್ತೆ ಎರಡು ನಿಮಿಷ. ಆ ಚೀಟಿ ಮನೆಗೆ ಹೋಗುತ್ತದೆ. ಮೊದಲ ವಾರ ಏಳರಲ್ಲಿ ನಾಲ್ಕು ಬಂದರೂ ಗೆದ್ದಂತೆ ಇರಲಿ, ಆಮೇಲೆ ಏರಿಸಿ. ಬಹುಮಾನ ಆ ದಿನವೇ ಸಿಗಬೇಕು, ದುಡ್ಡು ಬೇಕಾಗಿಲ್ಲ: ಅಪ್ಪನ ಬೈಕಿನಲ್ಲಿ ನಾಲೆಯವರೆಗೆ ಒಂದು ಸುತ್ತು, ರಾತ್ರಿ ಅಡುಗೆ ಏನೆಂದು ಹೇಳುವ ಹಕ್ಕು. ತಿಂಗಳ ಕೊನೆಗೆ ಸೈಕಲ್ ಎಂದರೆ ಎಂಟು ವರ್ಷದವರಿಗೆ ಅದು ಮುಂದಿನ ಜನ್ಮದಷ್ಟು ದೂರ. ಗಳಿಸಿದ ಗುರುತನ್ನು ಸಿಟ್ಟಿನಲ್ಲಿ ಅಳಿಸಬಾರದು. ಕಡಿಮೆ ಬಂದ ದಿನ ಮನೆಯಲ್ಲಿ ಏಟು ಬಿದ್ದರೆ ಚೀಟಿ ಮರುದಿನ ದಾರಿಯಲ್ಲೇ ಕಾಣೆಯಾಗುತ್ತದೆ.

ಸದ್ದಿಲ್ಲದ ಮಕ್ಕಳು

ತರಲೆ ಮಾಡುವ ಮಗುವನ್ನು ಎಲ್ಲರೂ ನೋಡುತ್ತಾರೆ. ಮೂಲೆಯಲ್ಲಿ ಕೂತು ಯಾರಿಗೂ ತೊಂದರೆ ಕೊಡದ ಮಗು ತಪ್ಪಿಹೋಗುತ್ತದೆ, ಹೆಣ್ಣುಮಕ್ಕಳಾದರೆ 'ಸೌಮ್ಯ' ಎಂಬ ಹೊಗಳಿಕೆಯೂ ಸೇರುತ್ತದೆ. ಸೋಮವಾರ ಬೆಳಗ್ಗೆ ಹೊಟ್ಟೆನೋವು, ಭಾನುವಾರ ಏನೂ ಇಲ್ಲ. ದಸರಾ ರಜೆ ಮುಗಿದ ಮರುದಿನ ವಾಂತಿ. ಆ ನೋವು ನಾಟಕವಲ್ಲ, ಹೆದರಿಕೆ ಹೊಟ್ಟೆಯಲ್ಲೇ ಕಾಣಿಸಿಕೊಳ್ಳುತ್ತದೆ. ವೈದ್ಯರು ಏನೂ ಇಲ್ಲ ಎಂದ ಮೇಲೆ ಮನೆಯಲ್ಲಿ ಉಳಿಸಿಕೊಳ್ಳುವುದು ತಪ್ಪು. ಒಂದೊಂದು ದಿನ ಉಳಿದಂತೆಯೂ ಮರಳುವುದು ಕಷ್ಟವಾಗುತ್ತದೆ. ಮೊದಲೆರಡು ದಿನ ಎರಡು ಪಿರಿಯಡ್, ಆಮೇಲೆ ಊಟದವರೆಗೆ, ಆಮೇಲೆ ಪೂರ್ತಿ ದಿನ, ಹೀಗೆ ಶಿಕ್ಷಕರೊಡನೆ ಮಾತಾಡಿ ಸೇರಿಸಿ. ಜೊತೆಗೆ ಹೆದರಿಕೆಯ ಮೂಲ ಹುಡುಕಿ: ವ್ಯಾನಿನಲ್ಲಿ ಕೀಟಲೆ, ಶೌಚಾಲಯದ ಚಿಲಕ, ಯಾವುದೋ ಒಂದು ವಿಷಯದ ಪಿರಿಯಡ್. ಆರನೇ ತರಗತಿಗೆ ವಸತಿ ಶಾಲೆ ಸೇರಿದ ಮಕ್ಕಳಿಗೆ ಮೊದಲ ತಿಂಗಳು ರಾತ್ರಿ ಅಳು ಸಹಜ. ಊಟ ಬಿಟ್ಟು ತೂಕ ಇಳಿದರೆ ಸಹಜವಲ್ಲ. ಯಾರಾದರೂ ಮೈ ಮುಟ್ಟಿದ ಸೂಚನೆ ಸಿಕ್ಕರೆ ಮಗುವನ್ನು ಮತ್ತೆ ಮತ್ತೆ ಪ್ರಶ್ನಿಸದೆ, ನಂಬಿ, ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ.

ಯಾವಾಗ, ಎಲ್ಲಿಗೆ

ನೋಟ್‌ಬುಕ್ಕಿನಲ್ಲಿ ಬರೆದು, ಮೇಲಿನ ಬದಲಾವಣೆಗಳನ್ನು ಆರರಿಂದ ಎಂಟು ವಾರ ನಡೆಸಿದರೂ ಫಲವಿಲ್ಲದಿದ್ದರೆ ತಜ್ಞರ ಸಹಾಯ ಬೇಕು. ಎರಡು ವಾರಕ್ಕೂ ಮೀರಿದ ಮಂಕು, ಬಿಟ್ಟುಹೋಗಿದ್ದ ಹಾಸಿಗೆ ಒದ್ದೆ ಮತ್ತೆ ಶುರುವಾದದ್ದು, ಆಡುತ್ತಿದ್ದ ಮಾತು ನಿಂತದ್ದು ಕಂಡರೆ ಅಷ್ಟು ಕಾಯಬೇಡಿ. ಚುರುಕು ಹೆಚ್ಚೆಂದು ಎಲ್ಲ ಮಕ್ಕಳಿಗೂ ಗಮನ ನಿಲ್ಲದ, ಅತಿ ಚಟುವಟಿಕೆಯ ತೊಂದರೆಯಾದ ಎಡಿಎಚ್‌ಡಿ ಇರುವುದಿಲ್ಲ. ಮನೆ ಮತ್ತು ಶಾಲೆ ಎರಡೂ ಕಡೆ, ಆರು ತಿಂಗಳಿಗೂ ಹೆಚ್ಚು ಕಾಲ, ಹನ್ನೆರಡು ವರ್ಷಕ್ಕೆ ಮುಂಚಿನಿಂದ ಲಕ್ಷಣಗಳಿವೆಯೇ ಎಂದು ವೈದ್ಯರು ನೋಡುತ್ತಾರೆ. ನಿಮ್ಮ ನೋಟ್‌ಬುಕ್ ಆಗ ತುಂಬಾ ಉಪಯೋಗಕ್ಕೆ ಬರುತ್ತದೆ. ಮೈಸೂರಿನಲ್ಲಿ ಕೆ.ಆರ್. ಆಸ್ಪತ್ರೆಯ, ಮಂಡ್ಯದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಮಿಮ್ಸ್‌ನ ಮನೋವೈದ್ಯಕೀಯ ವಿಭಾಗಗಳಿವೆ. ಮನೋಚೈತನ್ಯ ಕಾರ್ಯಕ್ರಮದಡಿ ತಾಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ದಿನವನ್ನು ಆಶಾ ಕಾರ್ಯಕರ್ತೆಯಲ್ಲಿ ಕೇಳಿ ತಿಳಿದುಕೊಳ್ಳಿ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ದಿನದ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

'ನಾನು ಸತ್ರೆ ಎಲ್ರಿಗೂ ನೆಮ್ಮದಿ' ಎಂದು ಮಗು ಹೇಳಿದರೆ ಬ್ಲ್ಯಾಕ್‌ಮೇಲ್ ಎಂದು ತಳ್ಳಿಹಾಕಬೇಡಿ. ಸಾಯುವ ಯೋಚನೆ ಬರುತ್ತಿದೆಯಾ ಎಂದು ನೇರವಾಗಿ, ಮೆತ್ತಗೆ ಕೇಳಿ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೌದು ಎಂದರೆ ಆ ಹೊತ್ತಿನಿಂದ ಮಗುವನ್ನು ಒಂಟಿಯಾಗಿ ಬಿಡಬೇಡಿ, ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಗದ್ದೆ ಕೆಲಸದ ಮನೆಗಳಲ್ಲಿ ಕ್ರಿಮಿನಾಶಕದ ಬಾಟಲಿ, ಇಲಿ ಪಾಷಾಣ, ತಾತನ ಬಿಪಿ ಮಾತ್ರೆಗಳೆಲ್ಲ ಬೀಗದೊಳಗೆ ಹೋಗಲಿ, ಕೀಲಿ ಒಬ್ಬರ ಬಳಿ ಮಾತ್ರ ಇರಲಿ. ಮಗು ಆಗಲೇ ಏನಾದರೂ ಕುಡಿದಿದ್ದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿ, ವಿಷ ಶ್ವಾಸಕೋಶಕ್ಕೆ ಇಳಿಯುವ ಅಪಾಯವಿದೆ. 108ಕ್ಕೆ ಕರೆ ಮಾಡಿ, ಬಾಟಲಿಯನ್ನೂ ಆಸ್ಪತ್ರೆಗೆ ಒಯ್ಯಿರಿ. ಯಾವ ಔಷಧಿ ಎಂದು ಗೊತ್ತಾದರೆ ಚಿಕಿತ್ಸೆ ಬೇಗ ಶುರುವಾಗುತ್ತದೆ.